ನಕ್ಷೆಯ ಅಂಚಿನಲ್ಲಿ ಭೂಕಾಂತಕ್ಷೇತ್ರ ಯಾಕೆ ಹುಚ್ಚೆದ್ದು ಕುಣಿಯುತ್ತದೆ?

ಪ್ರಶ್ನೆ: ಸುಮಾರು 1000 ಕಿ.ಮೀ. ಉದ್ದ, ಅಷ್ಟೇ ಅಗಲದ ಪ್ರದೇಶವೊಂದರಲ್ಲಿ 40 ಕಡೆ ಭೂಕಾಂತಕ್ಷೇತ್ರದ ಮೂರೂ ಘಟಕಗಳನ್ನು (ಉತ್ತರ, ಪೂರ್ವ, ಲಂಬ) ಅಳೆದ ದತ್ತಾಂಶ ನನ್ನ ಬಳಿ ಇದೆ. ಅಳತೆಗಳು ಆರು ವರ್ಷಗಳಲ್ಲಿ ಹರಡಿಕೊಂಡಿವೆ. ಪ್ರತಿ ಘಟಕಕ್ಕೂ ಅಕ್ಷಾಂಶ, ರೇಖಾಂಶಗಳ ಐದನೇ ಘಾತದ ಬಹುಪದೋಕ್ತಿ ಹೊಂದಿಸಿದೆ. ನಡುವೆ ಚೆನ್ನಾಗಿ ಕೂರುತ್ತದೆ, ಗಡಿಗೆ ಹೋದಂತೆ ಅಡ್ಡಾದಿಡ್ಡಿ ಏರಿಳಿಯುತ್ತದೆ. ಐಜಿಆರ್‌ಎಫ್‌ನಂಥ ಜಾಗತಿಕ ಮಾದರಿ ಇರುವಾಗ ಈ ಕಸರತ್ತು ಬೇಕೆ? ಬೇಕೆಂದರೆ ಸ್ಫೆರಿಕಲ್ ಕ್ಯಾಪ್ ವಿಧಾನಕ್ಕೆ ಹೋಗಲೆ? ಮೂಲೆಯ ಒಂದು ಅಳತೆ ಕೇಂದ್ರದಲ್ಲಿ ಮಾದರಿಗೂ ಅಳತೆಗೂ 140 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ವ್ಯತ್ಯಾಸ ಬರುತ್ತಿದೆ, ಅದನ್ನು ಕೈಬಿಡಬಹುದೆ? ಸಿದ್ಧವಾದ ನಕ್ಷೆಯನ್ನು ಇನ್ನು ಐದು ವರ್ಷ ಬಳಸಬಹುದೆ?

ಉತ್ತರ: ನಿಮ್ಮ ತಕರಾರು ಮುನ್ನೂರು ವರ್ಷ ಹಳೆಯದು. ಎಡ್ಮಂಡ್ ಹ್ಯಾಲಿ 1701ರಲ್ಲಿ ಅಟ್ಲಾಂಟಿಕ್ ಸಾಗರದ ದಿಕ್ಪಾತ ನಕ್ಷೆ ಪ್ರಕಟಿಸಿದ. ನಿಜವಾದ ಉತ್ತರಕ್ಕೂ ದಿಕ್ಸೂಚಿ ತೋರುವ ಉತ್ತರಕ್ಕೂ ಇರುವ ಕೋನವೇ ದಿಕ್ಪಾತ. ಅದು ಒಂದೇ ಆಗಿರುವ ಜಾಗಗಳನ್ನೆಲ್ಲ ಗೆರೆ ಎಳೆದು ಜೋಡಿಸಿದ್ದ. ನಕ್ಷೆಯ ಗೆರೆಗಳು ಕಡಲ ಮೇಲೆ ಮಾತ್ರ ಓಡುತ್ತವೆ, ನೆಲಕ್ಕೆ ತಾಗಿದಲ್ಲಿ ನಿಂತುಬಿಡುತ್ತವೆ. ಮರುವರ್ಷದ ಜಗತ್ತಿನ ನಕ್ಷೆಯಲ್ಲಿ ಪೆಸಿಫಿಕ್ ಭಾಗವನ್ನು ಖಾಲಿಯೇ ಬಿಟ್ಟ, ಅಲ್ಲಿನ ಅಳತೆ ಅವನ ಬಳಿ ಇರಲಿಲ್ಲ. ಐದನೇ ಘಾತದ ಬಹುಪದೋಕ್ತಿಗೆ ಹಾಗೆ ಸುಮ್ಮನಿರಲು ಬರುವುದಿಲ್ಲ. ಅಳತೆ ಇಲ್ಲದ ಕಡೆಯೂ ಅದು ಏನಾದರೊಂದು ಸಂಖ್ಯೆ ಹೇಳಿಯೇ ತೀರುತ್ತದೆ. ಪ್ರಾದೇಶಿಕ ಮಾದರಿಯ ಕೆಲಸದಲ್ಲಿ ಬಹುಪಾಲು ಶ್ರಮ ಹೋಗುವುದು ಇಂಥ ಅಂಚುಗಳನ್ನು ಸಂಭಾಳಿಸುವುದಕ್ಕೆ. ಅಂಚು ಎಂದರೆ ನಕ್ಷೆಯ ಗಡಿ ಮಾತ್ರವಲ್ಲ, ಎತ್ತರಕ್ಕೂ ಕಾಲಕ್ಕೂ ಅಂಚಿದೆ.

ಮೊದಲು ಐಜಿಆರ್‌ಎಫ್ ವಿಚಾರ. ಗೌಸ್ 1839ರಲ್ಲಿ ತೋರಿಸಿಕೊಟ್ಟ ಸ್ಫೆರಿಕಲ್ ಹಾರ್ಮೋನಿಕ್ಸ್ ದಾರಿಯಲ್ಲೇ ಅದು ಇವತ್ತಿಗೂ ನಡೆಯುತ್ತಿದೆ. ಇಡೀ ಗೋಳದ ಕ್ಷೇತ್ರವನ್ನು ದೊಡ್ಡ ಅಲೆ, ಸಣ್ಣ ಅಲೆ, ಇನ್ನೂ ಸಣ್ಣ ಅಲೆ ಎಂದು ಬಿಡಿಸಿ ಒಂದೊಂದಕ್ಕೂ ಒಂದು ಗುಣಾಂಕ ಕೊಡುವುದು ಅದರ ಕ್ರಮ. ದರ್ಜೆ ಹೆಚ್ಚಿದಷ್ಟೂ ಅಲೆ ಕಿರಿದು. ಭೂಮಿಯ ಸುತ್ತಳತೆ 40,000 ಕಿ.ಮೀ.ಯನ್ನು ದರ್ಜೆಯಿಂದ ಭಾಗಿಸಿದರೆ ತರಂಗದೂರದ ಅಂದಾಜು ಸಿಗುತ್ತದೆ. ಐಜಿಆರ್‌ಎಫ್ ನಿಲ್ಲುವುದು ದರ್ಜೆ 13ಕ್ಕೆ, ಅಂದರೆ 195 ಗುಣಾಂಕಗಳಿಗೆ, ಸುಮಾರು 3000 ಕಿ.ಮೀ. ತರಂಗದೂರಕ್ಕೆ. ನಿಮ್ಮ ಇಡೀ ಪ್ರದೇಶ ಅದರ ಅತಿ ಕಿರಿಯ ಅಲೆಯ ಮೂರನೇ ಒಂದು ಭಾಗ. ಗುಣಾಂಕಗಳನ್ನು ದಶಮಾಂಶ ಬಿಂದುವಿನ ಆಚೆಗೂ ಕೊಟ್ಟಿರುತ್ತಾರೆ. ಅದನ್ನು ನೋಡಿ ನಿಮ್ಮೂರಿನ ಕ್ಷೇತ್ರವೂ ಅಷ್ಟು ಕರಾರುವಾಕ್ಕಾಗಿ ಸಿಗುತ್ತದೆ ಎಂದುಕೊಳ್ಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

13ಕ್ಕೇ ನಿಲ್ಲಿಸಿದ್ದು ಸೋಮಾರಿತನದಿಂದಲ್ಲ. ಮ್ಯಾಗ್‌ಸ್ಯಾಟ್ ಉಪಗ್ರಹ 1979-80ರಲ್ಲಿ ತಂದ ಅಳತೆಗಳನ್ನು ಹಿಡಿದು ಲ್ಯಾಂಗೆಲ್ ಮತ್ತು ಎಸ್ಟೆಸ್ 1982ರಲ್ಲಿ ಪ್ರತಿ ದರ್ಜೆಯ ಬಲವನ್ನು ಲೆಕ್ಕಹಾಕಿದರು. ದರ್ಜೆ 13-14ರವರೆಗೆ ಆ ಬಲದ ಗೆರೆ ಕಡಿದಾಗಿ ಇಳಿಯುತ್ತದೆ, ಅಲ್ಲಿಂದಾಚೆ ಥಟ್ಟನೆ ಚಪ್ಪಟೆಯಾಗುತ್ತದೆ. ಇಳಿಯುವ ಭಾಗ ಸುಮಾರು 2900 ಕಿ.ಮೀ. ಆಳದ ಕೇಂದ್ರಗೋಳದಲ್ಲಿ ಕುದಿಯುವ ದ್ರವ ಕಬ್ಬಿಣದ್ದು. ಚಪ್ಪಟೆ ಭಾಗ ಭೂಕವಚದ ಬಂಡೆಗಳದ್ದು. ಕೇಂದ್ರಗೋಳದ ಕಿರಿಯ ಅಲೆಗಳು ಬಂಡೆಗಳ ಕಾಂತತ್ವದ ಅಡಿಯಲ್ಲಿ ಹೂತುಹೋಗಿವೆ, ಅವನ್ನು ಬೇರ್ಪಡಿಸಿ ನೋಡುವ ದಾರಿ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಹೀಗಾಗಿ ಐಜಿಆರ್‌ಎಫ್ ಎನ್ನುವುದು ಹೆಚ್ಚುಕಡಿಮೆ ಕೇಂದ್ರಗೋಳದ ಮಾದರಿ. ಬಂಡೆಗಳ ಪಾಲನ್ನು ಅದು ಬೇಕೆಂದೇ ಬಿಟ್ಟಿದೆ. ಮಧ್ಯ ಆಫ್ರಿಕಾದ ಬಾಂಗಿ ಅಥವಾ ರಷ್ಯಾದ ಕುರ್ಸ್ಕ್‌ನಂಥ ದೊಡ್ಡ ಅಸಂಗತಿಗಳಿಗೂ, ಅಂದರೆ ಬಂಡೆಗಳಿಂದಾಗಿ ಕ್ಷೇತ್ರ ಸುತ್ತಲಿಗಿಂತ ಎದ್ದುಕಾಣುವಷ್ಟು ಬೇರೆಯಾಗುವ ಜಾಗಗಳಿಗೂ, ಅದರಲ್ಲಿ ಜಾಗವಿಲ್ಲ.

ಬಿಟ್ಟದ್ದು ಎಷ್ಟರಮಟ್ಟಿಗೆ ಕಾಡುತ್ತದೆ? ಬಂಡೆಗಳಿಂದ ಪೂರ್ವ-ಪಶ್ಚಿಮ ದಿಕ್ಕಿನಲ್ಲಿ 100 ನ್ಯಾನೋಟೆಸ್ಲಾ ಹೆಚ್ಚುವರಿ ಬರುವುದು ಅಪರೂಪವೇನಲ್ಲ. ಸಮತಲ ಕ್ಷೇತ್ರ 20,000 ನ್ಯಾನೋಟೆಸ್ಲಾ ಇರುವ ಕಡೆ ಅಷ್ಟರಿಂದಲೇ ದಿಕ್ಪಾತ 0.29° ಕದಲುತ್ತದೆ. ಒಂದು ಕಿಲೋಮೀಟರ್ ನಡೆದರೆ ಐದು ಮೀಟರ್ ಆಚೀಚೆ. ಕಾಡಿನಲ್ಲಿ ದಾರಿ ಹುಡುಕುವವನಿಗೆ ಇದು ಲೆಕ್ಕಕ್ಕಿಲ್ಲ. ಓರೆಯಾಗಿ ಬಾವಿ ಕೊರೆಯುತ್ತ ಕಾಂತಕ್ಷೇತ್ರ ನೋಡಿ ದಿಕ್ಕು ತಿದ್ದಿಕೊಳ್ಳುವವನಿಗೆ ಇಷ್ಟೇ ಸಾಕು, ಗುರಿ ತಪ್ಪುತ್ತದೆ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ನೇರ ಉತ್ತರ: ಬಂಡೆಗಳ ಕ್ಷೇತ್ರ ಬೇಕಿದ್ದರೆ ಪ್ರಾದೇಶಿಕ ಮಾದರಿ ಬೇಕು. ಕೇಂದ್ರಗೋಳದ ಕ್ಷೇತ್ರವೂ ಅದರ ವರ್ಷ ವರ್ಷದ ಬದಲಾವಣೆಯೂ ಮಾತ್ರ ಸಾಕೆಂದಿದ್ದರೆ 40 ಕೇಂದ್ರಗಳನ್ನು ಕಟ್ಟಿಕೊಂಡು ಜಾಗತಿಕ ಮಾದರಿಯನ್ನು ಸೋಲಿಸಲು ಹೋಗಬೇಡಿ. ಉಪಗ್ರಹಗಳಿಲ್ಲದ ಕಾಲದಲ್ಲಿ ಮಾತು ಬೇರೆ ಇತ್ತು. 1999ರಲ್ಲಿ ಓರ್ಸ್ಟೆಡ್, 2000ದಲ್ಲಿ ಚಾಂಪ್, 2013ರ ನವೆಂಬರ್‌ನಲ್ಲಿ ಸ್ವಾರ್ಮ್‌ನ ಮೂರು ಉಪಗ್ರಹಗಳು ಹಾರಿದ ಮೇಲೆ ಆ ಜಗಳ ಮುಗಿಯಿತು.

ಇದರಿಂದ ಮಾಡುವ ಕ್ರಮವೂ ತಾನಾಗಿ ಗೊತ್ತಾಗುತ್ತದೆ. ಅಳತೆಯಿಂದ ಜಾಗತಿಕ ಮಾದರಿಯನ್ನು ಮೊದಲು ಕಳೆಯಿರಿ, ಉಳಿಕೆಗೆ ಮಾತ್ರ ಪ್ರಾದೇಶಿಕ ಮಾದರಿ ಹೊಂದಿಸಿ. ನೀವು ಬಹುಪದೋಕ್ತಿಯನ್ನು ಪೂರ್ಣ ಕ್ಷೇತ್ರಕ್ಕೇ ಹೊಂದಿಸಿರುವಂತೆ ಕಾಣುತ್ತದೆ. ಹಾಗಾದರೆ ಅದು ಹತ್ತಾರು ಸಾವಿರ ನ್ಯಾನೋಟೆಸ್ಲಾದ ಬೆಟ್ಟವನ್ನೂ ಅದರ ಮೇಲಿನ ನೂರು ನ್ಯಾನೋಟೆಸ್ಲಾದ ಹುತ್ತವನ್ನೂ ಒಟ್ಟಿಗೆ ಹೊರಬೇಕು.

ಇನ್ನು ಬಹುಪದೋಕ್ತಿ. ಘಾತ ಏರಿಸಿದಷ್ಟೂ ನಡುವೆ ಹೊಂದಿಕೆ ಚೆಂದವಾಗಿ ತುದಿಗಳಲ್ಲಿ ತೂರಾಟ ಹೆಚ್ಚುತ್ತದೆ ಎಂದು ಕಾರ್ಲ್ ರುಂಗೆ 1901ರಲ್ಲೇ ತೋರಿಸಿದ್ದಾರೆ. ಐದನೇ ಘಾತವೆಂದರೆ ಘಟಕಕ್ಕೆ 21 ಗುಣಾಂಕ. 40 ಅಳತೆಗೆ 21 ಗುಣಾಂಕ! ಗಡಿಯಾಚೆ ಒಂದೂ ಕೇಂದ್ರವಿಲ್ಲದಿರುವಾಗ ಗೆರೆ ಅಲ್ಲಿ ಎತ್ತ ಬಾಗಿದರೂ ಕೇಳುವವರಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಇರಿಸುಮುರಿಸು ಮಾಡಿದ್ದು ಮೂರು ಘಟಕಗಳನ್ನು ಮೂರು ಬೇರೆ ಬೇರೆ ಲೆಕ್ಕಗಳಾಗಿ ಮಾಡಿದ್ದು. ನೆಲಕ್ಕೂ ಗಾಳಿಗೂ ನಡುವೆ ಹರಿಯುವ ವಿದ್ಯುತ್ ಗಣನೆಗೆ ಬಾರದಷ್ಟು ಕಡಿಮೆ ಇರುವುದರಿಂದ ಮೂರೂ ಘಟಕಗಳು ಒಂದೇ ವಿಭವದ (ಜಾಗದಿಂದ ಜಾಗಕ್ಕೆ ಬದಲಾಗುವ ಒಂದೇ ಸಂಖ್ಯೆಯ) ಇಳಿಜಾರುಗಳಾಗಿರಬೇಕು. ಉತ್ತರ ಘಟಕ ಪೂರ್ವಕ್ಕೆ ಸಾಗುವಾಗ ಎಷ್ಟು ಬದಲಾಗುತ್ತದೋ ಪೂರ್ವ ಘಟಕ ಉತ್ತರಕ್ಕೆ ಸಾಗುವಾಗ ಅಷ್ಟೇ ಬದಲಾಗಬೇಕು. ನಿಮ್ಮ ಬಹುಪದೋಕ್ತಿಗಳಿಗೆ ಈ ನೆಂಟಸ್ತಿಕೆಯೇ ಗೊತ್ತಿಲ್ಲ. ಎರಡರ ನಡುವೆ 100 ಕಿ.ಮೀ.ಗೆ ಬರೀ 1 ನ್ಯಾನೋಟೆಸ್ಲಾ ತಾಳೆಯಾಗಲಿಲ್ಲ ಎಂದುಕೊಳ್ಳಿ. ಆಂಪಿಯರ್ ನಿಯಮದ ಪ್ರಕಾರ ನೆಲದಿಂದ ಮೇಲಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 8 ನ್ಯಾನೋಆಂಪಿಯರ್ ಹರಿಯುತ್ತಿದೆ ಎಂದು ನಿಮ್ಮ ಮಾದರಿ ಸಾರಿದಂತಾಯಿತು. ತಿಳಿ ಹವೆಯಲ್ಲಿ ಗಾಳಿಯ ಮೂಲಕ ನಿಜವಾಗಿ ಹರಿಯುವುದು ಸುಮಾರು 2 ಪಿಕೋಆಂಪಿಯರ್. ನಾಲ್ಕು ಸಾವಿರ ಪಟ್ಟು ಅಂತರ! ಎರಡು ಘಟಕಗಳು ತಾಳೆಯಾಗದ ಈ ವ್ಯತ್ಯಾಸವನ್ನು ನಿಮ್ಮ ಇಡೀ ಪ್ರದೇಶದ ಮೇಲೆ ಒಮ್ಮೆ ಲೆಕ್ಕಹಾಕಿ ಬಣ್ಣದ ನಕ್ಷೆ ಮಾಡಿ ನೋಡಿ. ಗಡಿಯ ಸುತ್ತ ಕೆಂಪು ಉಂಗುರ ಕಾಣಿಸದಿದ್ದರೆ ನನಗೆ ಆಶ್ಚರ್ಯ.

ಸ್ಫೆರಿಕಲ್ ಕ್ಯಾಪ್ ವಿಧಾನ ಇಲ್ಲೇ ಕೈಹಿಡಿಯುತ್ತದೆ. ಕೆನಡಾದ ಜಿ. ವಿ. ಹೇನ್ಸ್ 1985ರಲ್ಲಿ ಇದನ್ನು ರೂಪಿಸಿದರು, ಆ ದೇಶದ ಕಾಂತಕ್ಷೇತ್ರ ಮಾದರಿಗೆ ಬಳಸಿದ್ದೂ ಉಂಟು. ಗೋಳದ ತಲೆಗೆ ಇಟ್ಟ ಟೋಪಿಯಂತೆ ಒಂದು ವೃತ್ತಾಕಾರದ ತುಂಡನ್ನು ಮಾತ್ರ ತೆಗೆದುಕೊಂಡು, ಅಷ್ಟರೊಳಗೆ ಸರಿಹೊಂದುವ ಅಲೆಗಳನ್ನು ಆರಿಸಿಕೊಳ್ಳುತ್ತೀರಿ. ಗೋಳವಿಡೀ ಸುತ್ತಿ ಬರುವ ಅಲೆಗೆ ದರ್ಜೆ ಪೂರ್ಣಾಂಕವೇ ಆಗಬೇಕು, ಇಲ್ಲವಾದರೆ ತಲೆ-ಬಾಲ ಕೂಡುವುದಿಲ್ಲ. ಟೋಪಿಗೆ ಆ ಕಟ್ಟಳೆಯಿಲ್ಲ. ಅಂಚಿನಲ್ಲಿ ಒಂದೋ ಅಲೆಯ ಬೆಲೆ ಸೊನ್ನೆಯಾಗಬೇಕು, ಇಲ್ಲವೇ ಅದರ ಇಳಿಜಾರು ಸೊನ್ನೆಯಾಗಬೇಕು. ಈ ಎರಡೂ ಗುಂಪನ್ನು ಸೇರಿಸಿ ಬಳಸಿದಾಗ ಅಂಚಿನಲ್ಲಿ ವಿಭವವೂ ಅದರ ಇಳಿಜಾರೂ ಕಟ್ಟಿಹಾಕಿದಂತಾಗದೆ ಸ್ವತಂತ್ರವಾಗಿ ಉಳಿಯುತ್ತವೆ. ದರ್ಜೆಗಳು ಮಾತ್ರ ಭಿನ್ನಾಂಕಗಳಾಗಿ ಬರುತ್ತವೆ.

ಉಳಿತಾಯ ಎಷ್ಟೆಂದು ಲೆಕ್ಕ ಹಾಕೋಣ. ಅರ್ಧಕೋನ 10° ಇರುವ ಟೋಪಿ, ಅಂದರೆ ಸುಮಾರು 1110 ಕಿ.ಮೀ. ತ್ರಿಜ್ಯ. ಟೋಪಿಯೊಳಗಿನ ಕ್ರಮಸಂಖ್ಯೆ 6ರವರೆಗೆ ಹೋದರೆ 49 ಗುಣಾಂಕ. ಅಲ್ಲಿಗೆ ನಿಜವಾದ ದರ್ಜೆ ಸುಮಾರು 58, ತರಂಗದೂರ ಸುಮಾರು 690 ಕಿ.ಮೀ. ಇದೇ ಸೂಕ್ಷ್ಮತೆ ಇಡೀ ಗೋಳಕ್ಕೆ ಬೇಕೆಂದರೆ 3480 ಗುಣಾಂಕ. ಆದರೆ ಇದರಲ್ಲೊಂದು ಮರ್ಮವಿದೆ. ಆ ಟೋಪಿ ಗೋಳದ ಮೇಲ್ಮೈಯ ಶೇಕಡಾ 0.76ರಷ್ಟು. 3480ರಲ್ಲಿ ಅಷ್ಟು ಪಾಲು ಎಂದರೆ ಸುಮಾರು 26. ದರ್ಜೆ 58ರವರೆಗಿನ ಕ್ಷೇತ್ರದಲ್ಲಿ ಟೋಪಿಯೊಳಗಿನ ಅಳತೆಗಳಿಂದ ಚೆನ್ನಾಗಿ ತಿಳಿಯಬಹುದಾದ ಸಂಗತಿಗಳು ಅಷ್ಟೇ. ಉಳಿದ ಇಪ್ಪತ್ತು ಚಿಲ್ಲರೆ ಗುಣಾಂಕಗಳು ಬಹುಪಾಲು ಅಂಚಿನಲ್ಲಿ ಏನಾಗುತ್ತಿದೆ ಎಂಬುದಕ್ಕೇ ಖರ್ಚಾಗುತ್ತವೆ. ಸ್ಲೆಪಿಯನ್ ಫಲನಗಳನ್ನು ಬಳಸುವವರು ಈ 26ರ ಲೆಕ್ಕದಿಂದಲೇ ಶುರುಮಾಡಿ, ಪ್ರದೇಶದೊಳಗೆ ದಟ್ಟವಾಗಿ ಕೂರುವ ಅಲೆಗಳನ್ನು ಇಟ್ಟುಕೊಂಡು ಮಿಕ್ಕವನ್ನು ಬಿಡುತ್ತಾರೆ. ವಿಧಾನ ಯಾವುದೇ ಇರಲಿ, ಕಡಿವಾಣ ಹಾಕದೆ 49ನ್ನೂ ಸಡಿಲ ಬಿಟ್ಟರೆ ಬಹುಪದೋಕ್ತಿಯ ಹುಚ್ಚೇ ಇನ್ನೊಂದು ವೇಷದಲ್ಲಿ ವಾಪಸಾಗುತ್ತದೆ.

ನಿಮ್ಮ ಚೌಕದ ಮಧ್ಯದಿಂದ ಮೂಲೆಗೆ ಸುಮಾರು 700 ಕಿ.ಮೀ. 10°ಯ ಟೋಪಿ ಇಟ್ಟರೆ ಮೂಲೆಯಾಚೆಗೂ 400 ಕಿ.ಮೀ. ಅಂಚು ಉಳಿಯುತ್ತದೆ. ಆ ಖಾಲಿ ಪಟ್ಟಿಯಲ್ಲಿ ಉಪಗ್ರಹಗಳಿಂದ ಕಟ್ಟಿದ ಭೂಕವಚದ ಜಾಗತಿಕ ಮಾದರಿಯಿಂದ ಬೆಲೆಗಳನ್ನು ತೆಗೆದು, ಕಡಿಮೆ ತೂಕ ಕೊಟ್ಟು ತುಂಬಿಸಿ. ಇದು ಕೃತಕ ದತ್ತಾಂಶ, ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಗಡಿಯಾಚೆ ಏನೂ ಹೇಳದೆ ಬಿಟ್ಟರೆ ಮಾದರಿ ಇದಕ್ಕಿಂತ ದೊಡ್ಡ ಸುಳ್ಳು ಹೇಳುತ್ತದೆ. ಪರೀಕ್ಷಿಸುವಾಗ ಒಂದೊಂದೇ ಕೇಂದ್ರ ಬಿಟ್ಟು ನೋಡಿದರೆ ಸಾಲದು. ಒಂದು ಮೂಲೆಯ ಐದಾರು ಕೇಂದ್ರಗಳನ್ನು ಗುಂಪಾಗಿ ಮುಚ್ಚಿಟ್ಟು, ಉಳಿದವುಗಳಿಂದ ಅವನ್ನು ಊಹಿಸಿ ನೋಡಿ. ಮಾದರಿಯ ನಿಜವಾದ ಯೋಗ್ಯತೆ ಆಗ ಬಯಲಾಗುತ್ತದೆ.

ಎಷ್ಟು ಸೂಕ್ಷ್ಮತೆಗೆ ಆಸೆಪಡಬಹುದು ಎನ್ನುವುದು ಕೇಂದ್ರಗಳ ಅಂತರದ ಮೇಲಿದೆ. 40 ಕೇಂದ್ರಗಳು ಸಮನಾಗಿ ಹರಡಿದ್ದರೂ ಸರಾಸರಿ ಅಂತರ ಸುಮಾರು 160 ಕಿ.ಮೀ. ಹಾಗಾಗಿ 320 ಕಿ.ಮೀ.ಗಿಂತ ಕಿರಿದಾದ ಅಲೆ ನಿಮಗೆ ಅದರ ನಿಜರೂಪದಲ್ಲಿ ಕಾಣುವುದಿಲ್ಲ. ಕಾಣದೆ ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು, ಅದು ಉದ್ದ ಅಲೆಯ ವೇಷ ಹಾಕಿಕೊಂಡು ಬರುತ್ತದೆ. ಹತ್ತು ಕಿ.ಮೀ. ಅಗಲದ ಒಂದು ಬಸಾಲ್ಟ್ ದಿಬ್ಬದ ಮೇಲೆ ಕೇಂದ್ರ ಕೂತಿದ್ದರೆ, ಆ ದಿಬ್ಬ ನಿಮ್ಮ ನಕ್ಷೆಯಲ್ಲಿ ಮುನ್ನೂರು ಕಿ.ಮೀ. ಅಗಲದ ಪರ್ವತವಾಗುತ್ತದೆ.

ನೆಲದ ಅಳತೆ ಸಾಲದು, ಉಪಗ್ರಹದ್ದನ್ನೂ ಬೆರೆಸೋಣ ಎಂದುಕೊಂಡರೆ ಎತ್ತರದ ಅಂಚು ಎದುರಾಗುತ್ತದೆ. 450 ಕಿ.ಮೀ. ಮೇಲಿನಿಂದ ನೋಡಿದರೆ 1000 ಕಿ.ಮೀ. ಅಲೆಯ ಶೇಕಡಾ 6ರಷ್ಟು ಬಲ ಉಳಿದಿರುತ್ತದೆ. 300 ಕಿ.ಮೀ. ಅಲೆಯದು ಹನ್ನೆರಡು ಸಾವಿರದಲ್ಲಿ ಒಂದು ಪಾಲು. ನೆಲದ ಮೇಲೆ 1000 ನ್ಯಾನೋಟೆಸ್ಲಾ ಇದ್ದದ್ದು ಅಲ್ಲಿ 0.1ಕ್ಕೂ ಕಡಿಮೆ. ಹೇನ್ಸ್‌ರ ಮೂಲ ವಿಧಾನಕ್ಕೆ ಈ ಎರಡು ಎತ್ತರಗಳನ್ನು ಒಟ್ಟಿಗೆ ನಿಭಾಯಿಸುವುದು ಕಷ್ಟ. ಟೋಪಿಯಿಂದ ಮೇಲಕ್ಕೆ ಏಳುವ ಶಂಕುವಿನ ಗೋಡೆಯ ಮೂಲಕ ಕ್ಷೇತ್ರ ಒಳಹೊರಗೆ ಹೋಗುವುದನ್ನು ಅದು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರ್ವಾನ್ ತೆಬೋ ಮತ್ತು ಜೊತೆಗಾರರು 2000ದ ದಶಕದಲ್ಲಿ ಗೋಡೆಗೂ ಪ್ರತ್ಯೇಕ ಫಲನಗಳನ್ನು ಕೊಟ್ಟು ಇದನ್ನು ತಿದ್ದಿದರು. ಅದರ ಗಣಿತ ಭಾರಿ. ನಾನಾದರೆ ಮೊದಲು ಸರಳವಾದ ಸಮಾನ ದ್ವಿಧ್ರುವಗಳ ದಾರಿ ಹಿಡಿಯುತ್ತಿದ್ದೆ: ನೆಲದಡಿ ಸಾಲಾಗಿ ಪುಟ್ಟ ಕಾಂತಗಳನ್ನು ಹೂತಂತೆ ಭಾವಿಸಿ, ಎಲ್ಲ ಎತ್ತರದ ಅಳತೆಗಳಿಗೂ ಒಟ್ಟಿಗೆ ಹೊಂದುವಂತೆ ಅವುಗಳ ಬಲ ಕಂಡುಹಿಡಿಯುವುದು. ಮೂರು ಘಟಕಗಳ ನೆಂಟಸ್ತಿಕೆ ಅಲ್ಲಿ ತಾನಾಗಿ ಉಳಿಯುತ್ತದೆ. ಆ ಕಾಂತಗಳನ್ನು ನಿಜವಾದ ಬಂಡೆ ಎಂದು ನಂಬದಿದ್ದರಾಯಿತು.

ಕಾಲದ ವಿಚಾರಕ್ಕೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತಿ ಹೆಚ್ಚು ಆತಂಕ ತಂದದ್ದು ‘ಆರು ವರ್ಷಗಳಲ್ಲಿ ಹರಡಿಕೊಂಡಿವೆ’ ಎಂಬ ಮಾತು. ಕ್ಷೇತ್ರ ವರ್ಷಕ್ಕೆ ಹತ್ತಾರು ನ್ಯಾನೋಟೆಸ್ಲಾ ಬದಲಾಗುವುದು ಮಾಮೂಲು. ಒಂದೇ ದಿನಾಂಕಕ್ಕೆ ತರದಿದ್ದರೆ ಅಳತೆಯ ವರ್ಷವೇ ನಿಮ್ಮ ನಕ್ಷೆಯಲ್ಲಿ ಬಂಡೆಯಂತೆ ಕಾಣುತ್ತದೆ. ಇದಕ್ಕೆ ಐಜಿಆರ್‌ಎಫ್ ಬೇಡ, ಅದು ಐದೈದು ವರ್ಷಕ್ಕೆ ನೇರ ಗೆರೆ ಎಳೆಯುತ್ತದೆ. ಡೆನ್ಮಾರ್ಕ್‌ನಲ್ಲಿ ಸಿದ್ಧವಾಗುವ ಕೇಯಾಸ್ ಮಾದರಿ 1999ರಿಂದೀಚೆಗಿನ ಬದಲಾವಣೆಯನ್ನು ನಯವಾದ ವಕ್ರರೇಖೆಯಾಗಿ ಕೊಡುತ್ತದೆ, ಅದನ್ನು ಬಳಸಿ. ಹಗಲಿನ ಏರಿಳಿತ ಬೇರೆ. ಅಯಾನಗೋಳದ (ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರದ) ಪ್ರವಾಹಗಳಿಂದ ಶಾಂತ ದಿನದಲ್ಲೂ 20ರಿಂದ 50 ನ್ಯಾನೋಟೆಸ್ಲಾ ಆಚೀಚೆಯಾಗುತ್ತದೆ, ಕಾಂತೀಯ ಸಮಭಾಜಕದ ಮೇಲೆ ಮಧ್ಯಾಹ್ನ 100 ದಾಟುವುದೂ ಉಂಟು. ಹತ್ತಿರದ ಕಾಂತೀಯ ವೀಕ್ಷಣಾಲಯದಲ್ಲಿ ಅದೇ ನಿಮಿಷ ದಾಖಲಾದ ಬೆಲೆಯಿಂದ ಅಲ್ಲಿನ ಶಾಂತ ರಾತ್ರಿಯ ಬೆಲೆಯನ್ನು ಕಳೆದು, ಆ ಅಂತರವನ್ನು ನಿಮ್ಮ ಅಳತೆಯಿಂದ ತೆಗೆಯಬೇಕು. ಫಲನಗಳ ಬಗ್ಗೆ ತಿಂಗಳುಗಟ್ಟಲೆ ವಾದಿಸಿ ಈ ತಿದ್ದುಪಡಿಯನ್ನು ಅರ್ಧ ಗಂಟೆಯಲ್ಲಿ ಮುಗಿಸುವವರೇ ಜಾಸ್ತಿ.

ಐದು ವರ್ಷ ಮುಂದಕ್ಕೆ? ಬಂಡೆಗಳ ಭಾಗವನ್ನು ಧಾರಾಳವಾಗಿ ಬಳಸಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಕೇಂದ್ರಗೋಳದ ಭಾಗವನ್ನು ಮಾತ್ರ ನಕ್ಷೆಯಲ್ಲಿ ಅಚ್ಚುಹಾಕಿಬಿಡಬೇಡಿ, ಬಳಸುವ ದಿನ ಹೊಸ ಜಾಗತಿಕ ಮಾದರಿಯಿಂದ ತೆಗೆದು ಸೇರಿಸಿಕೊಳ್ಳುವಂತಿರಲಿ. ಬದಲಾವಣೆಯ ವೇಗದ ಊಹೆ ವರ್ಷಕ್ಕೆ 15 ನ್ಯಾನೋಟೆಸ್ಲಾ ತಪ್ಪಿದರೂ ಐದನೇ ವರ್ಷಕ್ಕೆ 75 ಆಗುತ್ತದೆ. ಆ ವೇಗ ಕೆಲವೊಮ್ಮೆ ಇದ್ದಕ್ಕಿದ್ದಂತೆ ತಿರುವು ತೆಗೆದುಕೊಳ್ಳುತ್ತದೆ. ಇಂಥ ಜರ್ಕ್‌ಗಳು 1969, 1978, 1991ರಲ್ಲಿ ದಾಖಲಾಗಿವೆ, ಈಚೆಗೂ ಕೆಲವು ಆಗಿವೆ, ಮುಂಚಿತವಾಗಿ ಹೇಳುವ ದಾರಿ ಇಲ್ಲ. ಉತ್ತರ ಕಾಂತಧ್ರುವ ಸೈಬೀರಿಯದ ಕಡೆಗೆ ಅಂದಾಜಿಗಿಂತ ಬೇರೆಯಾಗಿ ಧಾವಿಸಿದ್ದರಿಂದ ವಿಶ್ವ ಕಾಂತ ಮಾದರಿಯನ್ನು ಅವಧಿಗೆ ಮುಂಚೆಯೇ, 2019ರಲ್ಲಿ, ತಿದ್ದಬೇಕಾಯಿತು.

ನಡುವೆ ಒಂದು ಸಣ್ಣ ಬಲೆಯ ಬಗ್ಗೆ ಎಚ್ಚರಿಸುತ್ತೇನೆ, ನಾನೂ ಅದಕ್ಕೆ ಬಿದ್ದವನೇ. ಜಿಪಿಎಸ್ ಕೊಡುವ ಅಕ್ಷಾಂಶ ಚಪ್ಪಟೆಯಾದ ಭೂಮಿಯದು, ಹಾರ್ಮೋನಿಕ್ಸ್ ಲೆಕ್ಕ ನಡೆಯುವುದು ಗೋಳದ ಮೇಲೆ. ಎರಡರಲ್ಲಿ ‘ಕೆಳಗೆ’ ಎನ್ನುವ ದಿಕ್ಕು 45° ಅಕ್ಷಾಂಶದ ಬಳಿ 0.19° ಬೇರೆಯಾಗುತ್ತದೆ. ಲಂಬ ಘಟಕ 40,000 ನ್ಯಾನೋಟೆಸ್ಲಾ ಇದ್ದರೆ ಅದರಿಂದ ಸುಮಾರು 130 ನ್ಯಾನೋಟೆಸ್ಲಾ ಉತ್ತರ ಘಟಕಕ್ಕೆ ಸೋರುತ್ತದೆ. ಉತ್ತರ ಘಟಕದ ಉಳಿಕೆಗಳೆಲ್ಲ ಒಂದೇ ಕಡೆಗೆ ವಾಲಿದ್ದು ಪೂರ್ವ ಘಟಕ ಚೊಕ್ಕವಾಗಿದ್ದರೆ, ಬಂಡೆಗಳನ್ನು ಬೈಯುವ ಮೊದಲು ಇದನ್ನು ನೋಡಿ.

ಕೊನೆಗೆ ಆ ಮೂಲೆಯ ಕೇಂದ್ರ. ಮೂಲೆಯ ಬಿಂದು ಬಹುಪದೋಕ್ತಿಯನ್ನು ಜೋರಾಗಿ ತನ್ನತ್ತ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಂಡ ಮೇಲೂ 140 ಉಳಿದಿದೆಯೆಂದರೆ ನಿಜವಾದ ವ್ಯತ್ಯಾಸ ಇನ್ನೂ ದೊಡ್ಡದು. ಕಂಪ್ಯೂಟರ್ ಮುಂದೆ ಕೂತು ಅದನ್ನು ಅಳಿಸಬೇಡಿ, ಮೊದಲು ಅಳತೆಯ ಪುಸ್ತಕ ತೆರೆಯಿರಿ. ಕಾಂತಕ್ಕೆ ಅಂಟದ, ಕೋನ ಅಳೆಯುವ ಉಪಕರಣವಾದ ಥಿಯೋಡೊಲೈಟ್‌ನ ದೂರದರ್ಶಕದ ಮೇಲೆ ಫ್ಲಕ್ಸ್‌ಗೇಟ್ ಎಂಬ ಕಾಂತ ಸಂವೇದಕ ಕೂರಿಸಿ, ಸೊನ್ನೆ ತೋರುವ ಕೋನವನ್ನು ನಾಲ್ಕು ಭಂಗಿಗಳಲ್ಲಿ ಓದುವುದು ವಾಡಿಕೆ: ಸಂವೇದಕ ಮೇಲೆ, ಕೆಳಗೆ, ಮುಖ ಪೂರ್ವಕ್ಕೆ, ಪಶ್ಚಿಮಕ್ಕೆ. ಸಂವೇದಕ ದೂರದರ್ಶಕಕ್ಕೆ ಸಮಾನಾಂತರವಾಗಿಲ್ಲದ ದೋಷ ಆ ನಾಲ್ಕರ ಸರಾಸರಿಯಲ್ಲಿ ಅಳಿದುಹೋಗುತ್ತದೆ. ಜೋಡಿ ಓದುಗಳ ನಡುವಿನ ಅಂತರ ಕೇಂದ್ರದಿಂದ ಕೇಂದ್ರಕ್ಕೆ ಹೆಚ್ಚುಕಡಿಮೆ ಒಂದೇ ಇರಬೇಕು. ಈ ಕೇಂದ್ರದಲ್ಲಿ ಮಾತ್ರ ಅದು ಜಿಗಿದಿದ್ದರೆ ಅಳೆದವರ ಜೇಬಿನಲ್ಲೋ ಬೆಲ್ಟಿನಲ್ಲೋ ಕಬ್ಬಿಣವಿದ್ದಿರಬಹುದು. ನಾನೊಮ್ಮೆ ಇಡೀ ಬೆಳಗಿನ ಕೆಲಸವನ್ನು ಹಣೆಗೆ ಏರಿಸಿಕೊಂಡಿದ್ದ ಕನ್ನಡಕದ ಉಕ್ಕಿನ ಚೌಕಟ್ಟಿಗೆ ಬಲಿಕೊಟ್ಟಿದ್ದೇನೆ.

ಪುಸ್ತಕ ಸರಿಯಾಗಿದ್ದರೆ ಮತ್ತೆ ಆ ಜಾಗಕ್ಕೆ ಹೋಗಿ. ಕ್ಷೇತ್ರದ ಒಟ್ಟು ಬಲ ಅಳೆಯುವ ಪ್ರೋಟಾನ್ ಮ್ಯಾಗ್ನೆಟೋಮೀಟರ್ ಹಿಡಿದು ಗುರುತಿನ ಕಲ್ಲಿನಿಂದ ನಾಲ್ಕೂ ದಿಕ್ಕಿಗೆ ಮೊದಲು ಒಂದೊಂದು ಮೀಟರಿಗೆ, ಆಮೇಲೆ ಹತ್ತು ಮೀಟರಿಗೆ, ಕೊನೆಗೆ ಒಂದೆರಡು ಕಿಲೋಮೀಟರ್‌ವರೆಗೂ ಓದುತ್ತ ನಡೆಯಿರಿ. ಕೆಲವೇ ಹೆಜ್ಜೆಗಳಲ್ಲಿ ಹತ್ತಾರು ನ್ಯಾನೋಟೆಸ್ಲಾ ಬದಲಾದರೆ ಹತ್ತಿರದಲ್ಲೇ ಹೂತ ಪೈಪೋ ಬೇಲಿಯೋ ಸಿಡಿಲು ಬಡಿದ ಬಂಡೆಯೋ ಇದೆ, ಕೇಂದ್ರವನ್ನು ಬಿಟ್ಟುಬಿಡಿ. ಸುತ್ತಮುತ್ತ ಸಮತಟ್ಟಾಗಿದ್ದು ಕಿಲೋಮೀಟರ್‌ಗಟ್ಟಲೆ ಅದೇ ಹೆಚ್ಚಳ ಮುಂದುವರಿದರೆ ಅದು ಬಂಡೆಯದೇ. ಆಗ ಆ ಅಳತೆಯನ್ನು ಉಳಿಸಿಕೊಳ್ಳಿ, ತೂಕ ಮಾತ್ರ ಕಡಿಮೆ ಮಾಡಿ. ಸಾಧ್ಯವಾದರೆ ಇನ್ನೂ ಎರಡು ಕೇಂದ್ರಗಳನ್ನು ಅದರಾಚೆಗೆ, ಗಡಿಯ ಹೊರಗೆ ಹಾಕಿ.